ಅರ್ಜಿ ಬರೆಯುವುದನ್ನು ಇಲ್ಲೇ ಕಲಿತೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಇಂಜಿನಿಯರ್ ಆಗಿದ್ದೀಯ, ಬೆಂಗಳೂರಲ್ಲಿದ್ದೀಯ, ನಿನ್ನ ಸಾಧನೆ ಬಗ್ಗೆ ಹದಿನೈದು ನಿಮಿಷ ಮಾತಾಡು" ಅಂದರು. ಸಾಧನೆ ಅನ್ನುವಷ್ಟು ದೊಡ್ಡದು ನನ್ನ ಹತ್ತಿರ ಇಲ್ಲ. ಆದರೆ ಕಳೆದ ಕೆಲವು ವರ್ಷಗಳಿಂದ ಇದೇ ಶಾಲೆಯ ಒಂದು ಕೊಠಡಿಯಲ್ಲಿ ನಾವು ಕೆಲವರು ಸೇರಿ, ಕೆಲಸಕ್ಕೆ ಅರ್ಜಿ ಹಾಕುವುದು ಹೇಗೆ, ಸಂದರ್ಶನ ಎದುರಿಸುವುದು ಹೇಗೆ ಅಂತ ಹೇಳಿಕೊಡುತ್ತಿದ್ದೇವೆ. ಅದರ ಬಗ್ಗೆ ಹೇಳುತ್ತೇನೆ. ಅದು ಯಾಕೆ ಶುರುವಾಯಿತು ಅನ್ನುವುದನ್ನೂ ಹೇಳುತ್ತೇನೆ. ಆ ಭಾಗ ಹೇಳುವುದು ನನಗೆ ಸ್ವಲ್ಪ ಕಷ್ಟ.

ಮೊದಲು ನಮ್ಮೆಲ್ಲರ ಮೊದಲ ಅರ್ಜಿಯ ವಿಷಯ. ಅದು ಕೆಲಸದ ಅರ್ಜಿ ಅಲ್ಲ, ರಜೆ ಅರ್ಜಿ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶೇಂಗಾ ಕೀಳುವ ಕಾಲದಲ್ಲಿ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಎಲ್ಲರೂ ಬರೆಯುವ ಹಾಗೆ "ಜ್ವರ ಬಂದಿದ್ದರಿಂದ" ಅಂತ ಬರೆದು, ಅಪ್ಪನ ಸಹಿ ಹಾಕಿಸಿಕೊಂಡು ಬಂದೆ. ನಮ್ಮ ತರಗತಿಗೆ ಕನ್ನಡದ ಮೇಷ್ಟ್ರೇ ಕ್ಲಾಸ್ ಟೀಚರ್. ಅರ್ಜಿ ಓದಿದರು. ಆಮೇಲೆ, "ಕೈ ತೋರಿಸೋ" ಅಂದರು. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು, ಬೆರಳಲ್ಲಿ ಬೊಬ್ಬೆ. "ಜ್ವರ ಬಂದವನ ಕೈಗೆ ಹೊಲದ ಮಣ್ಣು ಹೇಗೆ ಬಂತೋ?" ಅಂದರು. ಹುಡುಗರೆಲ್ಲ ನಕ್ಕರು. ಹೊಡೆಯುತ್ತಾರೆ ಅಂತ ಕೈ ಚಾಚಿಕೊಂಡೇ ನಿಂತಿದ್ದೆ. ಹೊಡೆಯಲಿಲ್ಲ. ಬೇರೆ ಹಾಳೆ ಕೊಟ್ಟು ಬರೆಸಿದರು: ನಮ್ಮ ಹೊಲದಲ್ಲಿ ಶೇಂಗಾ ಕೀಳುವ ಕೆಲಸವಿದ್ದು, ಕೂಲಿಯವರು ಸಿಗದ ಕಾರಣ ತಂದೆಯವರಿಗೆ ನೆರವಾಗಲು ಮೂರು ದಿನ ಗೈರುಹಾಜರಾಗಿದ್ದೆ. ಕೆಳಗೆ ಸಹಿ ಹಾಕಿ ಒಂದು ಮಾತು ಹೇಳಿದರು: "ಮಾಡಿದ ಕೆಲಸಾನ ಮುಚ್ಚಿಡಬಾರದು ಕಣೋ."

ಆಗ ಅದು ನನಗೆ ಅರ್ಥ ಆಗಲಿಲ್ಲ. ಹೊಡೆತ ತಪ್ಪಿತಲ್ಲ ಅಂತ ಖುಷಿಪಟ್ಟೆ ಅಷ್ಟೆ. ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೆ ಇದು ನೆನಪಿದೆಯೋ ಇಲ್ಲವೋ, ನನಗಂತೂ ಮರೆತಿಲ್ಲ.

ನಾನು 2005ರಲ್ಲಿ ಇಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ಚಳ್ಳಕೆರೆಯಲ್ಲಿ ಪಿಯುಸಿ, ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇವೆಯಲ್ಲ, ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ಇದೇ ಶಾಲೆಯ ಮುಖ್ಯೋಪಾಧ್ಯಾಯರು. ಆ ಒಂದು ಸಹಿಯಿಂದ ನನಗೆ ಸರ್ಕಾರಿ ಸೀಟು ಸಿಕ್ಕಿತು.

ಕೊನೆಯ ವರ್ಷದಲ್ಲಿ ಕ್ಯಾಂಪಸ್ ಸಂದರ್ಶನ ಶುರುವಾಯಿತು. "ಥ್ರೂಔಟ್ ಅರವತ್ತು ಪರ್ಸೆಂಟ್" ಇರಬೇಕು ಅನ್ನುವ ನಿಯಮ ದಾಟಿದ್ದೆ. ಲಿಖಿತ ಪರೀಕ್ಷೆಯನ್ನೂ ದಾಟುತ್ತಿದ್ದೆ. ಒಳಗೆ ಕರೆದು "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದ ಕೂಡಲೇ ಬಾಯಿಪಾಠ ಒಪ್ಪಿಸುತ್ತಿದ್ದೆ. ಹೆಸರು, ಅಪ್ಪನ ಹೆಸರು, ಅಪ್ಪ ರೈತ, ಅಮ್ಮ ಗೃಹಿಣಿ, ಹವ್ಯಾಸ ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು. ನಮ್ಮ ಹಾಸ್ಟೆಲಿನ ಮೂವತ್ತು ಹುಡುಗರ ಹವ್ಯಾಸವೂ ಅದೇ. ಯಾಕೆಂದರೆ ಕಾಲೇಜಿನ ಎದುರಿನ ಸೈಬರ್ ಸೆಂಟರಿನಲ್ಲಿ ಇದ್ದ ಒಂದೇ ಫೈಲನ್ನು ಎಲ್ಲರೂ ನಕಲು ಮಾಡಿ, ಹೆಸರು ಮಾತ್ರ ಬದಲಾಯಿಸಿದ್ದೆವು. ಒಬ್ಬರು ನನ್ನನ್ನು "ಯಾರ ಸಂಗೀತ ಇಷ್ಟ?" ಅಂತ ಕೇಳಿದರು. ಬಾಯಿ ಕಟ್ಟಿತು. ಹೀಗೆ ಆರು ಕಂಪನಿಗಳು ಹೋದವು.

ಯುಗಾದಿ ಹಬ್ಬಕ್ಕೆ ಊರಿಗೆ ಹೊರಟಿದ್ದ ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರು ದಾರಿಯಲ್ಲಿ ಎರಡು ದಿನ ನಮ್ಮ ಜೊತೆ ಉಳಿದರು. ಅವರು ಆಗಲೇ ಕೆಲಸದಲ್ಲಿದ್ದರು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ನಿನ್ನ ಪ್ರಾಜೆಕ್ಟ್ ಏನು, ಕನ್ನಡದಲ್ಲೇ ಹೇಳು" ಅಂದರು. ಹತ್ತು ನಿಮಿಷ ಹೇಳಿದೆ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಬರುತ್ತಿತ್ತು. ಅಪ್ಪ ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ ಬೋರ್‌ವೆಲ್ ಮೋಟರ್ ಹಾಕಿ ಬರಬೇಕು. ಹಾವು ಹುಪ್ಪಟೆಯ ಭಯ. ಮನೆಯಿಂದ ಮೊಬೈಲಿನಲ್ಲಿ ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಚಾಲೂ ಆಗುವ ಸ್ಟಾರ್ಟರ್ ಮಾಡಿದ್ದೆವು. ಅವರು ಕೇಳಿ, "ಇಷ್ಟು ಇಟ್ಟುಕೊಂಡು ಕ್ರಿಕೆಟ್ ಆಡ್ತೀನಿ ಅಂತ ಯಾಕೆ ಹೇಳ್ತೀಯ? ಈಗ ಹೇಳಿದ್ದನ್ನೇ ಸಣ್ಣ ಸಣ್ಣ ವಾಕ್ಯದಲ್ಲಿ ಇಂಗ್ಲಿಷಿಗೆ ತಿರುಗಿಸು" ಅಂದರು. ಎರಡು ಸಂಜೆ ಅದನ್ನೇ ಹತ್ತಾರು ಸಲ ಹೇಳಿಸಿದರು. ಏಳನೇ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ನನ್ನ ಇಂಗ್ಲಿಷು ಎರಡು ದಿನದಲ್ಲಿ ಏನೂ ಸುಧಾರಿಸಿರಲಿಲ್ಲ. ಹೇಳುವುದಕ್ಕೆ ನನ್ನದೇ ಅನ್ನುವ ಒಂದು ವಿಷಯ ಇತ್ತು, ಅಷ್ಟೆ.

ಆ ಸೀನಿಯರ್ ನನಗೆ ಏನು ಮಾಡಿದರೋ ಅದನ್ನು ನಾನು ಇನ್ನೊಬ್ಬರಿಗೆ ಮಾಡಬೇಕಿತ್ತು. ಮಾಡಲಿಲ್ಲ. ಈಗ ಆ ಕಷ್ಟದ ಭಾಗಕ್ಕೆ ಬರುತ್ತೇನೆ.

2019ರ ಜೂನ್ ತಿಂಗಳು. ಇದೇ ಶಾಲೆಯಲ್ಲಿ ಓದಿದ, ನನಗಿಂತ ಎಂಟು ವರ್ಷ ಚಿಕ್ಕವನಾದ ಒಬ್ಬ ಹುಡುಗ ವಾಟ್ಸಾಪಿನಲ್ಲಿ ತನ್ನ ರೆಸ್ಯೂಮೆ ಕಳಿಸಿ, "ಅಣ್ಣಾ, ನಿಮ್ಮ ಕಂಪನಿಯಲ್ಲಿ ಏನಾದ್ರೂ ಇದ್ರೆ ನೋಡಿ" ಅಂತ ಬರೆದ. ಅವನ ಹೆಸರು ಹೇಳುವುದಿಲ್ಲ. ಈ ವಿಷಯ ಹೇಳುತ್ತೇನೆ ಅಂತ ಅವನ ಒಪ್ಪಿಗೆ ಪಡೆದಿದ್ದೇನೆ. ನಾನು "ನೋಡ್ತೀನಿ ಕಣೋ" ಅಂತ ಉತ್ತರ ಕೊಟ್ಟೆ. ಫೈಲ್ ತೆರೆದೆ. ನಾಲ್ಕು ಪುಟ ಇತ್ತು, ನಾವು ಸೈಬರ್ ಸೆಂಟರಿನಲ್ಲಿ ಮಾಡಿಸಿದ ಹಾಗೇ ಇತ್ತು. ಇದನ್ನು ಸರಿಮಾಡಲು ಒಂದು ಗಂಟೆ ಬೇಕು, ಭಾನುವಾರ ಕೂತು ಮಾಡೋಣ ಅಂದುಕೊಂಡೆ. ಆ ಭಾನುವಾರ ಬರಲಿಲ್ಲ. ಎರಡು ವಾರ ಬಿಟ್ಟು ಅವನು ಮತ್ತೆ ಕೇಳಿದ. "ಕೆಲಸ ಜಾಸ್ತಿ, ಮುಂದಿನ ವಾರ" ಅಂದೆ. ಮೂರನೇ ಸಲ "ಅಣ್ಣಾ ಫ್ರೀ ಇದ್ದೀರಾ" ಅಂತ ಕಳಿಸಿದ. ಓದಿದೆ, ಉತ್ತರ ಕೊಡಲಿಲ್ಲ. ಓದಿದ್ದೇನೆ ಅಂತ ಅವನಿಗೆ ನೀಲಿ ಗೆರೆ ಕಾಣಿಸಿರುತ್ತದೆ.

ಸೆಪ್ಟೆಂಬರಿನಲ್ಲಿ ಊರಿಗೆ ಬಂದಾಗ ಗೊತ್ತಾಯಿತು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ತರಬೇತಿ ಕೊಟ್ಟು ಕೆಲಸವನ್ನೂ ಕೊಡಿಸುತ್ತೇವೆ ಅಂತ ಅವನಿಂದ 1,20,000 ರೂಪಾಯಿ ತೆಗೆದುಕೊಂಡಿದ್ದರು. ಅಪ್ಪ ಜೋಡಿ ಎತ್ತು ಮಾರಿದ್ದರು. ಅಮ್ಮನ ಸರ ಅಡವಿಗೆ ಹೋಗಿತ್ತು. ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಮೂರು ವಾರ ತರಬೇತಿ ನಡೆದಿತ್ತು. ದೊಡ್ಡ ಕಂಪನಿಯ ಚಿಹ್ನೆ ಇರುವ ಆಫರ್ ಲೆಟರ್ ಕೊಟ್ಟಿದ್ದರು. ಸೇರುವ ದಿನವನ್ನು ಎರಡು ಸಲ ಮುಂದೂಡಿದರು. ಒಂದು ದಿನ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಆ ಕಂಪನಿಯಲ್ಲಿ ವಿಚಾರಿಸಿದರೆ ಈ ಪತ್ರ ನಮ್ಮದಲ್ಲ ಅಂದರು. ದೂರು ಕೊಟ್ಟದ್ದಾಯಿತು. ಹಣ ಬರಲಿಲ್ಲ.

ಆ ಕಟ್ಟಡ ನನ್ನ ಮನೆಯಿಂದ ಐದು ಕಿಲೋಮೀಟರ್. ಅವನು ದುಡ್ಡು ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಿದ್ದರೆ, ಆಫರ್ ಲೆಟರ್ ಸುಳ್ಳು ಅಂತ ಎರಡು ನಿಮಿಷದಲ್ಲಿ ಹೇಳುತ್ತಿದ್ದೆ. ಯಾಕೆ ಕೇಳಲಿಲ್ಲ ಅಂದೆ. "ನೀವು ಬ್ಯುಸಿ ಇದ್ರಿ ಅಂದ್ಕೊಂಡೆ ಅಣ್ಣಾ" ಅಂದ. ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಅವತ್ತು ರಾತ್ರಿ ಅವರ ಮನೆಯ ಜಗಲಿಯ ಮೇಲೆ ಕೂತು ಇಬ್ಬರೂ ಆ ರೆಸ್ಯೂಮೆ ತೆರೆದೆವು. ಪಿಯುಸಿಯಿಂದಲೂ ರಜೆ ದಿನಗಳಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಚಳ್ಳಕೆರೆಯ ಒಂದು ಮೊಬೈಲ್ ಅಂಗಡಿಯಲ್ಲಿ ರಿಪೇರಿ ಮಾಡುತ್ತಿದ್ದೆ ಅಂದ. ಮೂರು ವರ್ಷ. ಬೋರ್ಡ್ ಬೆಸುಗೆ, ಚಾರ್ಜಿಂಗ್ ಪಿನ್ ಬದಲಾವಣೆ, ಶಾರ್ಟ್ ಎಲ್ಲಿ ಆಗಿದೆ ಅಂತ ಮೀಟರ್ ಹಿಡಿದು ಪತ್ತೆ ಮಾಡುವುದು ಎಲ್ಲ ಗೊತ್ತಿತ್ತು. ನಾಲ್ಕು ಪುಟದಲ್ಲಿ ಇದರ ಒಂದು ಸಾಲೂ ಇರಲಿಲ್ಲ. "ಅದು ಕೆಲಸ ಅಲ್ವಲ್ಲ ಅಣ್ಣಾ, ಅಂಗಡೀಲಿ ಇದ್ದೆ ಅಂತ ಹೇಗೆ ಬರೆಯೋದು" ಅಂದ. ಆಗ ನನಗೆ ಮೇಷ್ಟ್ರ ಮಾತು ನೆನಪಾಯಿತು. ಮಾಡಿದ ಕೆಲಸಾನ ಮುಚ್ಚಿಡಬಾರದು ಕಣೋ.

ಒಂದು ಪುಟದ ಹೊಸ ರೆಸ್ಯೂಮೆ ಮಾಡಿದೆವು. ಮೊಬೈಲ್ ರಿಪೇರಿಯನ್ನು ಮೇಲೆ ಬರೆದೆವು. ಮೂರು ತಿಂಗಳಲ್ಲಿ ಎಲೆಕ್ಟ್ರಾನಿಕ್ಸ್ ಬೋರ್ಡ್ ಪರೀಕ್ಷಿಸುವ ಒಂದು ಸಣ್ಣ ಕಂಪನಿಯಲ್ಲಿ 13,000 ರೂಪಾಯಿ ಸಂಬಳಕ್ಕೆ ಸೇರಿದ. ಈಗ ಚೆನ್ನಾಗಿದ್ದಾನೆ. ಆದರೆ ಆ ಸಾಲ ತೀರಿಸಲು ಅವನಿಗೆ ನಾಲ್ಕು ವರ್ಷ ಬೇಕಾಯಿತು. ಎತ್ತು ಮತ್ತೆ ಬರಲಿಲ್ಲ, ಈಗ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಉಳುತ್ತಾರೆ. ನಾನು ಊರಿಗೆ ಬಂದಾಗಲೆಲ್ಲ ಅವರ ತಾಯಿ ಊಟಕ್ಕೆ ಕರೆಯುತ್ತಾರೆ. ಮಗನಿಗೆ ದಾರಿ ತೋರಿಸಿದವನು ಅಂತ ಅವರ ಭಾವನೆ. ಆ ಮೂರು ಮೆಸೇಜಿನ ವಿಷಯ ಅವರಿಗೆ ಇವತ್ತೇ ಗೊತ್ತಾಗುತ್ತಿರುವುದು. ತಾಯೀ, ನೀವು ಇಲ್ಲೇ ಎಲ್ಲೋ ಕೂತಿದ್ದೀರಿ. ನನ್ನನ್ನು ಕ್ಷಮಿಸಬೇಕು.

ಆಮೇಲೆ ನಾವು ಒಂದೇ ಬ್ಯಾಚಿನ ನಾಲ್ವರು ಸೇರಿದೆವು. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಒಬ್ಬ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮತ್ತೆ ನಾನು. ಕೊರೋನಾ ಕಾಲದಲ್ಲಿ ಫೋನಿನಲ್ಲೇ ಹೇಳಿಕೊಡುತ್ತಿದ್ದೆವು. 2022ರಿಂದ ಪ್ರತಿ ತಿಂಗಳ ಎರಡನೇ ಭಾನುವಾರ ಈ ಶಾಲೆಯಲ್ಲೇ ಕೂರುತ್ತೇವೆ. ಕೊಠಡಿ ಕೊಟ್ಟ ಮುಖ್ಯೋಪಾಧ್ಯಾಯರಿಗೆ ನಾವು ಋಣಿ. ಶುಲ್ಕ ಇಲ್ಲ. ಅಲ್ಲಿ ಏನು ಮಾಡುತ್ತೇವೆ ಅನ್ನುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಕೂತಿರುವ ಯಾರ ಮನೆಯಲ್ಲಾದರೂ ಕೆಲಸ ಹುಡುಕುವ ಮಕ್ಕಳಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೆಯದು ಕೈ ಪಟ್ಟಿ. ಹಾಗಂತ ನಾವು ಹೆಸರಿಟ್ಟಿದ್ದೇವೆ. ಬಂದವರಿಗೆ ಒಂದು ಬಿಳಿ ಹಾಳೆ ಕೊಟ್ಟು, ನಿಮ್ಮ ಕೈ ಇದುವರೆಗೆ ಮಾಡಿದ ಎಲ್ಲ ಕೆಲಸವನ್ನೂ ಬರೆಯಿರಿ ಅನ್ನುತ್ತೇವೆ. ಕನ್ನಡದಲ್ಲೇ ಬರೆಯಲಿ. ಬಿ.ಕಾಂ. ಮುಗಿಸಿದ ಒಬ್ಬ ಹುಡುಗಿ ಅರ್ಧ ಗಂಟೆ ಕೂತು ಖಾಲಿ ಹಾಳೆ ಕೊಟ್ಟಳು. ಮಾತಾಡಿಸಿದರೆ, ಅಮ್ಮನ ಸ್ತ್ರೀಶಕ್ತಿ ಸಂಘದ ಜಮಾ ಖರ್ಚಿನ ಪುಸ್ತಕವನ್ನು ಐದು ವರ್ಷದಿಂದ ಬರೆಯುತ್ತಿರುವವಳು ಅವಳೇ. ಇಪ್ಪತ್ತು ಜನರ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕಿನ ಪಾಸ್‌ಬುಕ್ ತಾಳೆ ಎಲ್ಲ ಅವಳದ್ದೇ. ಇದು ಲೆಕ್ಕಪತ್ರದ ಅನುಭವ ಅಲ್ಲವೇ? ಅದನ್ನು ರೆಸ್ಯೂಮೆಯ ಮೊದಲ ಸಾಲು ಮಾಡಿದೆವು. ಈಗ ತುಮಕೂರಿನಲ್ಲಿ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ಸಂದರ್ಶನದಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಆ ಸಂಘದ ಪುಸ್ತಕದ ಮೇಲೆಯೇ ಇತ್ತಂತೆ.

ಎರಡನೆಯದು ರೆಸ್ಯೂಮೆ. ನಾನು ಈಗ ಸಂದರ್ಶನ ಮಾಡುವ ಕಡೆಯೂ ಕೂರುತ್ತೇನೆ, ಹಾಗಾಗಿ ಮೇಜಿನ ಆ ಬದಿಯಲ್ಲಿ ಏನಾಗುತ್ತದೆ ಗೊತ್ತು. ದೊಡ್ಡ ಕಂಪನಿಗಳಲ್ಲಿ ನಿಮ್ಮ ಅರ್ಜಿ ಮೊದಲು ಒಂದು ಸಾಫ್ಟ್‌ವೇರಿನ ಒಳಗೆ ಹೋಗುತ್ತದೆ. ಕೆಲಸದ ಪ್ರಕಟಣೆಯಲ್ಲಿ ಯಾವ ಪದಗಳಿವೆಯೋ ಆ ಪದಗಳನ್ನು ಹಾಕಿ ಹುಡುಕುತ್ತಾರೆ. ಪ್ರಕಟಣೆಯಲ್ಲಿ ಟ್ಯಾಲಿ ಅಂತಿದ್ದು, ನಿಮಗೆ ಟ್ಯಾಲಿ ಬರುತ್ತಿದ್ದು, ನೀವು "ಕಂಪ್ಯೂಟರ್ ಜ್ಞಾನ" ಅಂತ ಮಾತ್ರ ಬರೆದರೆ ನಿಮ್ಮ ಹಾಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬಿದ್ದರೂ ಮೊದಲ ನೋಟ ಅರ್ಧ ನಿಮಿಷ ಇದ್ದರೆ ಹೆಚ್ಚು. ಆದ್ದರಿಂದ ಹೊಸಬರಿಗೆ ಒಂದೇ ಪುಟ ಸಾಕು. ಅಂಚಿಗೆ ಬಣ್ಣ, ಹೂವು ಬೇಡ. ಗೊತ್ತಿಲ್ಲದ್ದನ್ನು ಬರೆಯಬೇಡಿ, ಬರೆದ ಪ್ರತಿ ಪದದ ಮೇಲೆ ಪ್ರಶ್ನೆ ಬರುತ್ತದೆ. ಇಮೇಲ್ ವಿಳಾಸ ನಿಮ್ಮ ಹೆಸರಿನಲ್ಲೇ ಇರಲಿ. ಪಿಯುಸಿಯಲ್ಲಿದ್ದಾಗ ಹೀರೋ ಹೆಸರಿನಲ್ಲಿ ಮಾಡಿಕೊಂಡಿದ್ದನ್ನು ಈಗ ಬಿಡಿ. ಮೊಬೈಲ್ ನಂಬರ್ ಬದಲಾಯಿಸಬೇಡಿ. ಕಂಪನಿಯವರು ಫೋನ್ ಮಾಡಿದಾಗ ಸ್ವಿಚ್ ಆಫ್ ಬಂದು ಕೆಲಸ ತಪ್ಪಿಸಿಕೊಂಡವರನ್ನು ನಾನು ನೋಡಿದ್ದೇನೆ.

ಮೂರನೆಯದು ಸರ್ಕಾರಿ ಅರ್ಜಿ. ಇದನ್ನು ನಮ್ಮ ಮೇಷ್ಟ್ರು ಗೆಳೆಯ ಮತ್ತು ಬ್ಯಾಂಕಿನ ಗೆಳತಿ ನೋಡಿಕೊಳ್ಳುತ್ತಾರೆ. ಖಾಸಗಿಯವರಿಗೆ ಒಂದು ಪುಟ ಸಾಕಾದರೆ ಇಲ್ಲಿ ಒಂದು ಅಕ್ಷರ ತಪ್ಪಿದರೂ ಕಷ್ಟ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ. ಅಧಿಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಓದಿ. ಸೈಬರ್ ಸೆಂಟರಿನವರು ಓದಿ ಹೇಳುತ್ತಾರೆ ಅಂತ ಬಿಡಬೇಡಿ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಾಗೆ ಓದಿದ್ದಕ್ಕೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಬೇಕು. ಸಾಮಾನ್ಯವಾಗಿ ಇವೆಲ್ಲ ಅರ್ಜಿಯ ಕೊನೆಯ ದಿನಾಂಕದ ಒಳಗೆ ನಿಮ್ಮ ಕೈಯಲ್ಲಿರಬೇಕು. ನಮ್ಮ ಊರಿನ ಒಬ್ಬ ಹುಡುಗಿ ಅಂಕ ಚೆನ್ನಾಗಿ ತೆಗೆದಿದ್ದಳು. ಕನ್ನಡ ಮಾಧ್ಯಮದ ಪತ್ರವನ್ನು ಕೊನೆಯ ದಿನ ಮುಗಿದ ಮೇಲೆ ಮಾಡಿಸಿದ್ದಳು. ದಾಖಲೆ ಪರಿಶೀಲನೆಯಲ್ಲಿ ಅದು ಲೆಕ್ಕಕ್ಕೆ ಬರಲಿಲ್ಲ. ಹತ್ತು ವರ್ಷ ಕನ್ನಡದಲ್ಲಿ ಓದಿದ್ದು ಒಂದು ಹಾಳೆಯ ದಿನಾಂಕದಿಂದ ಕೈತಪ್ಪಿತು.

ಇನ್ನೊಂದು ಮಾತು. ಕೇಂದ್ರ ಸರ್ಕಾರದ ಕೆಲಸ ಅಂದರೆ ಹಿಂದಿ, ಇಂಗ್ಲಿಷ್ ಅಂತ ಹೆದರಿ ನಮ್ಮವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬಾಗಿಲು ತೆರೆದಿದೆ, ಒಳಗೆ ಹೋಗುವವರು ನಾವು.

ನಾಲ್ಕನೆಯದು ಸಂದರ್ಶನದ ಅಭ್ಯಾಸ. ಎರಡು ಕುರ್ಚಿ, ಒಂದು ಮೇಜು. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು, ಮೂರನೆಯವರು ಮೊಬೈಲಿನಲ್ಲಿ ವಿಡಿಯೋ ಮಾಡಬೇಕು. ಆಮೇಲೆ ಅದನ್ನು ಅವರಿಗೇ ತೋರಿಸುತ್ತೇವೆ. ನಾವು ಹೇಳುವುದಕ್ಕಿಂತ ಹೆಚ್ಚನ್ನು ಆ ವಿಡಿಯೋ ಹೇಳುತ್ತದೆ. ಉತ್ತರಕ್ಕೆ ನಾಲ್ಕು ಮೆಟ್ಟಿಲು ಹೇಳಿಕೊಡುತ್ತೇವೆ: ಪರಿಸ್ಥಿತಿ ಏನಿತ್ತು, ನಿನ್ನ ಪಾಲಿನ ಕೆಲಸ ಏನು, ನೀನು ಏನು ಮಾಡಿದೆ, ಕೊನೆಗೆ ಏನಾಯಿತು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಗೊತ್ತಿಲ್ಲದಿದ್ದರೆ "ನನಗೆ ಗೊತ್ತಿಲ್ಲ ಸರ್" ಅನ್ನುವುದನ್ನೂ ಅಭ್ಯಾಸ ಮಾಡಿಸುತ್ತೇವೆ. ನಮ್ಮ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಕಷ್ಟ. ಗೊತ್ತಿಲ್ಲ ಅಂದರೆ ಬೈಯುತ್ತಾರೆ ಅನ್ನುವ ಭಯ ಎಲ್ಲೋ ಒಳಗೆ ಕೂತುಬಿಟ್ಟಿರುತ್ತದೆ. ಸಂದರ್ಶಕನಾಗಿ ಹೇಳುತ್ತೇನೆ, ಸುಳ್ಳು ಸುತ್ತುವವನಿಗಿಂತ ಗೊತ್ತಿಲ್ಲ ಅಂದವನ ಮೇಲೆ ನಮಗೆ ನಂಬಿಕೆ ಹೆಚ್ಚು.

ಐದನೆಯದನ್ನು ನಮ್ಮ ಕಾನ್‌ಸ್ಟೆಬಲ್ ಗೆಳೆಯ ಹೇಳಿಕೊಡುತ್ತಾನೆ. ಇದನ್ನು ಪೋಷಕರು ದಯವಿಟ್ಟು ಗಮನವಿಟ್ಟು ಕೇಳಬೇಕು. ಕೆಲಸ ಕೊಡುವ ಒಳ್ಳೆಯ ಕಂಪನಿ ಕೆಲಸ ಕೇಳಿದವನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ರಿಜಿಸ್ಟ್ರೇಷನ್, ಲ್ಯಾಪ್‌ಟಾಪ್ ಡೆಪಾಸಿಟ್, ಸಮವಸ್ತ್ರ, ಬ್ಯಾಕ್ ಡೋರ್, ಯಾವ ಹೆಸರಿನಲ್ಲಿ ಕೇಳಿದರೂ ಅನುಮಾನ ಪಡಿ. ಪತ್ರ ಬಂದ ಇಮೇಲಿನಲ್ಲಿ ಕಂಪನಿಯ ಸ್ವಂತ ವಿಳಾಸ ಇದೆಯೋ, ಯಾರೋ ಜಿಮೇಲಿನಿಂದ ಕಳಿಸಿದ್ದೋ ನೋಡಿ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ. ಫೋನಿನಲ್ಲಿ, ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ನಾಚಿಕೊಂಡು ಸುಮ್ಮನೆ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಕಾಸು ಕೊಡದೆ ಹುಡುಕುವ ಜಾಗಗಳು ಬೇಕಾದಷ್ಟಿವೆ. ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣ 2015ರಿಂದ ಇದೆ. ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್ ಇದೆ. ಐಟಿಐ, ಡಿಪ್ಲೊಮಾ ಆದವರಿಗೆ ಅಪ್ರೆಂಟಿಸ್ ತರಬೇತಿ ಇದೆ. ಅದಕ್ಕೆ 1961ರಷ್ಟು ಹಿಂದೆಯೇ ಕಾಯ್ದೆ ಆಗಿದೆ, ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಅಂತ ಇದೆ. ಅದು ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಆಗುತ್ತದೆ. ಎಲ್ಲರೂ ಇನ್ನೊಬ್ಬರ ಹತ್ತಿರವೇ ಕೆಲಸ ಕೇಳಬೇಕು ಅಂತಲೂ ಇಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಸ್ವಂತ ಉದ್ಯೋಗದ ತರಬೇತಿ ಕೇಂದ್ರಗಳು ಬಂದಿವೆ.

ಒಂದು ನಿಜವನ್ನೂ ಹೇಳಿಬಿಡಬೇಕು. ತರಬೇತಿಯಿಂದ ಕೆಲಸ ಹುಟ್ಟುವುದಿಲ್ಲ. ಇರುವ ಒಂದು ಕೆಲಸಕ್ಕೆ ನೂರು ಜನ ನಿಂತಿರುವಾಗ ನಾವು ಎಷ್ಟು ಚೆಂದ ಅರ್ಜಿ ಬರೆಸಿದರೂ ತೊಂಬತ್ತೊಂಬತ್ತು ಜನ ವಾಪಸ್ ಬರುತ್ತಾರೆ. ನಮ್ಮಲ್ಲಿಗೆ ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಬೇಕಾದ ಕೆಲಸ ಇನ್ನೂ ಸಿಕ್ಕಿಲ್ಲ. ಅವರಲ್ಲಿ ಕೊರತೆ ಇದೆ ಅಂತ ಇದರ ಅರ್ಥ ಅಲ್ಲ. ನಾವು ಮಾಡಬಹುದಾದದ್ದು ಇಷ್ಟೇ: ಅರ್ಹತೆ ಇರುವವನು ಅರ್ಜಿ ಬರೆಯಲು ಬರದ ಕಾರಣಕ್ಕೆ, ಹೇಳುವವರಿಲ್ಲದ ಕಾರಣಕ್ಕೆ ಹಿಂದೆ ಬೀಳಬಾರದು. ಪಟ್ಟಣದ ಮಕ್ಕಳಿಗೆ ಇದನ್ನೆಲ್ಲ ಅಪ್ಪನೋ ಚಿಕ್ಕಪ್ಪನೋ ಊಟದ ಹೊತ್ತಿನಲ್ಲೇ ಹೇಳಿಕೊಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಹೇಳುವವರು ಇರಲಿಲ್ಲ.

2023ರಲ್ಲಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಕೆಲಸ ಕಡಿತ ಆಯಿತಲ್ಲ, ಅದರಲ್ಲಿ ನನ್ನ ಕೆಲಸವೂ ಹೋಯಿತು. ಹನ್ನೆರಡು ವರ್ಷದ ಮೇಲೆ ಮತ್ತೆ ರೆಸ್ಯೂಮೆ ಬರೆಯಲು ಕೂತೆ. ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡನೇ ಭಾನುವಾರ ಬಂತು. ಕೆಲಸ ಇಲ್ಲದವನು ಕೆಲಸ ಹುಡುಕುವುದು ಹೇಗೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ ಅಂತ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಬಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆ ಸ್ತ್ರೀಶಕ್ತಿ ಸಂಘದ ಹುಡುಗಿ, ಅವಳು ಅವತ್ತು ರಜೆಗೆ ಬಂದಿದ್ದಳು, "ಬನ್ನಿ ಸರ್, ಈ ಕುರ್ಚಿಲಿ ಕೂತ್ಕೊಳ್ಳಿ" ಅಂದಳು. ಎದುರಿಗೆ ಕೂತು, "ನಿಮ್ಮ ಬಗ್ಗೆ ಹೇಳಿ" ಅಂದಳು. ನಾನು ತಡವರಿಸಿದೆ. ವಿಡಿಯೋ ಮಾಡಿದರು, ತೋರಿಸಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮತ್ತೆ ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಆ ಕೊಠಡಿಯೇ.

ಕೊನೆಗೆ ಕೆಲವು ಬಿನ್ನಹಗಳು.

ನನ್ನ ಹಾಗೆ ಹೊರಗೆ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ಈ ಶಾಲೆಯ ಮಗು ನಿಮಗೆ ರೆಸ್ಯೂಮೆ ಕಳಿಸಿದರೆ ಒಂದು ವಾರದೊಳಗೆ ಉತ್ತರ ಕೊಡಿ. ಕೆಲಸ ಕೊಡಿಸಲೇಬೇಕು ಅಂತಿಲ್ಲ. "ನನ್ನಿಂದ ಆಗುವುದಿಲ್ಲ, ಇವರನ್ನು ಕೇಳು" ಅಂದರೂ ಸಾಕು. ಉತ್ತರ ಸಿಗದವನು ಬೇರೆ ಬಾಗಿಲು ತಟ್ಟುತ್ತಾನೆ, ಅಲ್ಲಿ ಯಾರಿರುತ್ತಾರೋ ಗೊತ್ತಿಲ್ಲ.

ಕೆಲಸ ಹುಡುಕುತ್ತಿರುವ ತಮ್ಮಂದಿರೇ, ತಂಗಿಯರೇ, ಕೇಳಲು ಸಂಕೋಚ ಪಡಬೇಡಿ. ಎಷ್ಟೋ ಕಂಪನಿಗಳಲ್ಲಿ ಒಳಗಿರುವವರು ಹೊರಗಿನವರ ಹೆಸರು ಸೂಚಿಸುವ ಪದ್ಧತಿಯೇ ಇದೆ. ಆದರೆ "ಏನಾದ್ರೂ ಇದ್ರೆ ನೋಡಿ" ಅನ್ನಬೇಡಿ. ಯಾವ ಕೆಲಸ, ಅದರ ನಂಬರ್ ಏನು, ನಿಮಗೆ ಯಾಕೆ ಹೊಂದುತ್ತದೆ, ಮೂರು ಸಾಲು ಬರೆದು ಒಂದು ಪುಟದ ರೆಸ್ಯೂಮೆ ಜೊತೆ ಕಳಿಸಿ. ಒಬ್ಬರು ಉತ್ತರ ಕೊಡದಿದ್ದರೆ ಇನ್ನೊಬ್ಬರನ್ನು ಕೇಳಿ.

ತಂದೆ ತಾಯಂದಿರೇ, ಓದು ಮುಗಿಸಿದ ಮಗ ಆರು ತಿಂಗಳು ಮನೆಯಲ್ಲಿದ್ದರೆ ಸುಮ್ಮನೆ ಕೂತಿದ್ದಾನೆ ಅನ್ನಬೇಡಿ. ಹುಡುಕುವುದೂ ಒಂದು ಕೆಲಸ. ಹೆಣ್ಣುಮಕ್ಕಳಿಗೆ ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಲು ಬಿಡಿ, ಬೇಕಾದರೆ ಜೊತೆಗೆ ನೀವೂ ಹೋಗಿ. ಎತ್ತು ಮಾರುವ ಮುಂಚೆ, ಸರ ಅಡವಿಡುವ ಮುಂಚೆ ನಮ್ಮಲ್ಲಿ ಯಾರಿಗಾದರೂ ಒಂದು ಫೋನ್ ಮಾಡಿ.

ಗುರುಗಳೇ, ನಿಮಗೆ ಹೇಳುವಷ್ಟು ದೊಡ್ಡವನಲ್ಲ. ಪತ್ರಲೇಖನ ಕಲಿಸುವಾಗ, ಇಲ್ಲದ ಜ್ವರವನ್ನು ಮಕ್ಕಳು ಬರೆದರೆ, ನಮ್ಮ ಮೇಷ್ಟ್ರು ನನ್ನ ಕೈ ನೋಡಿದ ಹಾಗೆ ಅವರ ಕೈಯನ್ನೂ ಒಮ್ಮೆ ನೋಡಿ. ಅಷ್ಟೇ ಬೇಡಿಕೆ.

ಈ ಕಾರ್ಯಕ್ರಮಕ್ಕೆ ಬರಲು ಆಫೀಸಿನಲ್ಲಿ ಎರಡು ದಿನ ರಜೆ ಹಾಕಿದೆ. ಹುಷಾರಿಲ್ಲ ಅಂತ ಬರೆದಿದ್ದರೆ ಸುಲಭವಾಗಿ ಸಿಗುತ್ತಿತ್ತು. "ನಾನು ಓದಿದ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುತ್ತಿದೆ, ಹೋಗಬೇಕು" ಅಂತ ಬರೆದೆ. ರಜೆ ಸಿಕ್ಕಿತು.

ಮುಂದಿನ ತರಗತಿ ಎರಡನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಎಂಟನೇ ತರಗತಿ ಬಿ ವಿಭಾಗದ ಕೊಠಡಿಯಲ್ಲಿ. ಬರುವಾಗ ಒಂದು ಪೆನ್ನು ತನ್ನಿ, ಹಾಳೆ ನಾವು ಕೊಡುತ್ತೇವೆ.